ಮಲೆನಾಡಿನ ಬೆಳಕಿಗೆ ಹೊಂದುವ ಮೊದಲ ಕ್ಯಾಮೆರಾ: ಕಡಿಮೆ ಹಣದಲ್ಲಿ ಆರಿಸುವ ಬಗೆ

ಮೊದಲ ಕ್ಯಾಮೆರಾ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೂವತ್ತು ಸಾವಿರದೊಳಗೆ ಯಾವುದು ಒಳ್ಳೆಯದು?" ಒಂದು ಮಾದರಿಯ ಹೆಸರು ಹೇಳಿ ಕಳಿಸುವುದು ಸುಲಭ. ಆದರೆ ಬೇಲೂರು ಗುಡಿಯ ನವರಂಗದ ಅರೆಗತ್ತಲಿಗೆ ಹೊಂದುವ ಸಲಕರಣೆ ಲಕ್ಕವಳ್ಳಿ ಹಿನ್ನೀರಿನ ಹಕ್ಕಿಗೆ ಸಾಲದು. ಎರಡಕ್ಕೂ ಒದಗುವ ಸಲಕರಣೆ ಕೊಂಡರೂ, ಜುಲೈ ತಿಂಗಳ ತೇವದಲ್ಲಿ ಅದನ್ನು ಬೀರುವಿನೊಳಗೆ ಮರೆತರೆ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಹಾಸನ, ಚಿಕ್ಕಮಗಳೂರು ಕಡೆ ಕ್ಯಾಮೆರಾ ಕೊಳ್ಳುವವರು ಈ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು. ಕೈಯಲ್ಲಿರುವ ಹಣವನ್ನೆಲ್ಲ ಕ್ಯಾಮೆರಾದ ಮೇಲೆ ಸುರಿಯಬೇಡಿ ಎಂಬುದೇ ನನ್ನ ಮುಖ್ಯ ಮಾತು. ಮೂರರಲ್ಲಿ ಎರಡು ಪಾಲು ಕ್ಯಾಮೆರಾಕ್ಕೆ ಇರಲಿ. ಉಳಿದ ಒಂದು ಪಾಲು ಹೆಚ್ಚು ಬೆಳಕು ಹಿಡಿಯುವ ಇನ್ನೊಂದು ಲೆನ್ಸ್‌ಗೂ ತೇವದಿಂದ ಕಾಪಾಡುವ ಡಬ್ಬಿಗೂ ಇರಲಿ.

ಮೊದಲು ನಿಮ್ಮ ಮೊಬೈಲ್ ತೆರೆಯಿರಿ

ಅಂಗಡಿಗೆ ಹೋಗುವ ಮೊದಲು ಹಿಂದಿನ ಒಂದು ವರ್ಷದಲ್ಲಿ ಮೊಬೈಲ್‌ನಲ್ಲಿ ತೆಗೆದ ಚಿತ್ರಗಳನ್ನು ಸಾವಧಾನವಾಗಿ ನೋಡಿ. ಎಲ್ಲಿ ಸೋತಿದ್ದೀರಿ ಎಂಬುದನ್ನು ಗುರುತು ಹಾಕಿಕೊಳ್ಳಿ. ಮುಳ್ಳಯ್ಯನಗಿರಿಯ ಹಗಲು ನೋಟಗಳು, ಹುಟ್ಟುಹಬ್ಬ, ತಟ್ಟೆಯಲ್ಲಿಟ್ಟ ಅಕ್ಕಿರೊಟ್ಟಿ ಇವೆಲ್ಲ ಮೊಬೈಲ್‌ನಲ್ಲೇ ಚೆನ್ನಾಗಿ ಬಂದಿರುತ್ತವೆ. ಇಷ್ಟೇ ನಿಮ್ಮ ಆಸಕ್ತಿಯಾದರೆ ಕ್ಯಾಮೆರಾ ಕೊಳ್ಳಬೇಡಿ, ಹಣ ಉಳಿಸಿಕೊಳ್ಳಿ. ಇದನ್ನು ಮನಃಪೂರ್ವಕವಾಗಿ ಹೇಳುತ್ತಿದ್ದೇನೆ.

ದೇವಸ್ಥಾನದ ಒಳಗಿನ ಕಂಬದ ಕೆತ್ತನೆ ಕಲೆಸಿಹೋಗಿದೆಯೇ? ಕೆರೆಯ ಆಚೆ ದಡದ ಮಿಂಚುಳ್ಳಿ ನೀಲಿ ಚುಕ್ಕೆಯಾಗಿದೆಯೇ? ಸಂಜೆಯ ಜಾತ್ರೆಯಲ್ಲಿ ಕುಣಿಯುವವರ ಕೈಕಾಲು ಗೀಟಾಗಿವೆಯೇ? ಈ ಮೂರೂ ಬೇರೆ ಬೇರೆ ಸೋಲುಗಳು, ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ದೊಡ್ಡ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಫಲಕ) ಮತ್ತು ಅಗಲ ಬಾಯಿಯ ಲೆನ್ಸ್ ಬೇಕು. ಎರಡನೆಯದಕ್ಕೆ ಉದ್ದದ ಲೆನ್ಸ್. ಮೂರನೆಯದಕ್ಕೆ ಬೆಳಕೂ ಬೇಕು, ಚುರುಕಾಗಿ ಫೋಕಸ್ ಹಿಡಿಯುವ ಶಕ್ತಿಯೂ ಬೇಕು. ನಿಮಗೆ ಯಾವುದು ಹೆಚ್ಚು ನೋವು ಕೊಟ್ಟಿದೆಯೋ ಅದನ್ನೇ ಚೀಟಿಯಲ್ಲಿ ಮೊದಲು ಬರೆಯಿರಿ. ಅಲ್ಪ ಹಣದಲ್ಲಿ ಮೂರನ್ನೂ ಒಮ್ಮೆಗೇ ಗೆಲ್ಲಲು ಆಗುವುದಿಲ್ಲ.

ಮೆಗಾಪಿಕ್ಸೆಲ್ ಬಿಡಿ, ಸೆನ್ಸರ್ ಅಳತೆ ಕೇಳಿ

ಎ4 ಹಾಳೆಯನ್ನು ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಲು 9 ಮೆಗಾಪಿಕ್ಸೆಲ್ ಸಾಕು. 18 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾನನ್ 1300ಡಿ ಚಿತ್ರವನ್ನು 12×18 ಇಂಚಿನ ಆಲ್ಬಂ ಹಾಳೆಗೆ ಹಾಕಿದರೂ ಇಂಚಿಗೆ 288 ಪಿಕ್ಸೆಲ್ ಉಳಿಯುತ್ತದೆ. ಆದ್ದರಿಂದ ಆ ಅಂಕಿಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಚಿತ್ರದ ಗುಣಕ್ಕೆ ಮುಖ್ಯವಾದದ್ದು ಸೆನ್ಸರ್‌ನ ಅಳತೆ. ಜೇಬಿನ ಅಗ್ಗದ ಕ್ಯಾಮೆರಾಗಳಲ್ಲಿರುವ ಸೆನ್ಸರ್ ಸುಮಾರು 6.2×4.6 ಮಿಲಿಮೀಟರ್. ಆರಂಭಿಕರ ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಲ್ಲಿ) ಇರುವ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್ ಕ್ಯಾನನ್‌ನಲ್ಲಿ 22.3×14.9, ನಿಕಾನ್ ಮತ್ತು ಸೋನಿಯಲ್ಲಿ ಸುಮಾರು 23.5×15.6 ಮಿಲಿಮೀಟರ್. ವಿಸ್ತೀರ್ಣದಲ್ಲಿ ಹನ್ನೆರಡು ಪಟ್ಟು ಅಂತರ. ಮೋಡ ಕವಿದ ಸಕಲೇಶಪುರದ ಮಧ್ಯಾಹ್ನದಲ್ಲಿ, ಕಾಫಿ ತೋಟದ ಸಿಲ್ವರ್ ಮರಗಳ ನೆರಳಿನಲ್ಲಿ, ಗರ್ಭಗುಡಿಯ ಮುಂದೆ ಈ ಅಂತರ ಕಣ್ಣಿಗೆ ರಾಚುತ್ತದೆ. ಕಡಿಮೆ ಬೆಲೆಯ ಚಿಕ್ಕ ಸೆನ್ಸರ್‌ನ ಜೇಬು ಕ್ಯಾಮೆರಾವನ್ನು ಇಂದು ಕೊಳ್ಳಲು ನನಗೆ ಒಂದೂ ಕಾರಣ ತೋರುವುದಿಲ್ಲ. ಆ ಕೆಲಸವನ್ನು ಮೊಬೈಲ್ ಅದಕ್ಕಿಂತ ಚೆನ್ನಾಗಿ ಮಾಡುತ್ತದೆ.

ಯಾವ ಜಾತಿಯ ಕ್ಯಾಮೆರಾ?

ಕಡಿಮೆ ಹಣಕ್ಕೆ ಉಳಿಯುವುದು ಮೂರು ದಾರಿ. ಒಂದು, ಲೆನ್ಸ್ ಬದಲಿಸಲಾಗದ, ಉದ್ದ ಜೂಮ್ ಇರುವ ಬ್ರಿಜ್ ಕ್ಯಾಮೆರಾ. ನಿಕಾನ್ ಪಿ900 ಮತ್ತು ಪಿ950 ಮಾದರಿಗಳು 2000 ಮಿಲಿಮೀಟರ್‌ಗೆ ಸಮನಾದ ದೂರ ಎಳೆಯುತ್ತವೆ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಕ್ಯಾನನ್ ಎಸ್‌ಎಕ್ಸ್70 ಎಳೆಯುವುದು 1365ಕ್ಕೆ. ಕೊಂಬೆಯ ಮೇಲೆ ಕುಳಿತ ಹಕ್ಕಿ, ಹುಣ್ಣಿಮೆಯ ಚಂದ್ರ, ಎದುರು ಗುಡ್ಡದ ಕಾಟಿ ಇವನ್ನು ಒಳ್ಳೆಯ ಬಿಸಿಲಿನಲ್ಲಿ ಹಿಡಿಯಲು ಈ ಬೆಲೆಗೆ ಬೇರೆ ಸಾಧನವೇ ಇಲ್ಲ. ಆದರೆ ಒಳಗಿರುವುದು ಅದೇ ಪುಟ್ಟ ಸೆನ್ಸರ್. ಮುಂಜಾನೆಯ ಮಂಜಿನಲ್ಲಿ, ಹಾರುವ ಹಕ್ಕಿಯ ಎದುರು ಅದು ಕೈಚೆಲ್ಲುತ್ತದೆ. ಹಕ್ಕಿ ಗುರುತಿಸಿ ದಾಖಲಿಸುವುದೇ ನಿಮ್ಮ ಗುರಿಯಾದರೆ ಬ್ರಿಜ್ ಕ್ಯಾಮೆರಾ ಸರಿ. ಗೋಡೆಗೆ ಹಾಕುವಂಥ ಚಿತ್ರ ಬೇಕಾದರೆ ಬೇಡ.

ಎರಡು, ಹೊಸ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. 2023ರಲ್ಲಿ ಬಂದ ಕ್ಯಾನನ್ ಆರ್100 ಮತ್ತು ಆರ್50 ಈ ಸಾಲಿನ ಆರಂಭಿಕ ಮಾದರಿಗಳು. ಆರ್50 ಮನುಷ್ಯರ, ಪ್ರಾಣಿಗಳ ಕಣ್ಣನ್ನು ಹುಡುಕಿ ಫೋಕಸ್ ಹಿಡಿಯುತ್ತದೆ, ಪರದೆ ಮಡಚಿ ತಿರುಗುತ್ತದೆ. ಆರ್100ರ ಪರದೆ ಅಲುಗದು, ಮುಟ್ಟಿದರೆ ಸ್ಪಂದಿಸದು. ವಿಡಿಯೊ ಮಾಡುವ ಆಸೆ ಇರುವವರು ಹಣ ಕೂಡಿಸಿಕೊಂಡು ಆರ್50ರ ಕಡೆ ಹೋಗುವುದು ಲೇಸು. ತೊಂದರೆ ಇರುವುದು ಲೆನ್ಸ್‌ನ ಬೆಲೆಯಲ್ಲಿ: ಹೊಸ ಸಾಲಿನ ಲೆನ್ಸ್‌ಗಳು ಬಳಸಿದ ಸಾಮಾನಿನ ಮಾರುಕಟ್ಟೆಯಲ್ಲಿ ಇನ್ನೂ ಧಾರಾಳವಾಗಿ ಬಂದಿಲ್ಲ.

ಮೂರು, ಬಳಸಿದ ಡಿಎಸ್‌ಎಲ್‌ಆರ್. ಮೂವತ್ತು ಸಾವಿರದೊಳಗಿನವರಿಗೆ ನನ್ನ ಸಲಹೆ ಇದೇ. ಕ್ಯಾನನ್‌ನಲ್ಲಿ 1300ಡಿ, 1500ಡಿ, 200ಡಿ. ನಿಕಾನ್‌ನಲ್ಲಿ ಡಿ3300, ಡಿ3400, ಡಿ3500, ಡಿ5300, ಡಿ5600. ಕಂಪನಿಗಳು ತಮ್ಮ ಹೊಸ ಶ್ರಮವನ್ನೆಲ್ಲ ಮಿರರ್‌ಲೆಸ್‌ಗೆ ಹಾಕುತ್ತಿರುವುದರಿಂದ ಇವುಗಳ ಬೆಲೆ ಇಳಿದಿದೆ, ಸೆನ್ಸರ್ ಮಾತ್ರ ಅಷ್ಟೇ ದೊಡ್ಡದು. ಮುಂದೆ ನೀವು ಮಿರರ್‌ಲೆಸ್‌ಗೆ ಹೋದರೂ ಕ್ಯಾನನ್‌ನ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆರ್ ಸಾಲಿನಲ್ಲೂ, ನಿಕಾನ್‌ನ ಎಎಫ್-ಎಸ್ ಲೆನ್ಸ್‌ಗಳು ಜ಼ಡ್ ಸಾಲಿನಲ್ಲೂ ಕೆಲಸ ಮಾಡುತ್ತವೆ. ಹಾಕಿದ ಹಣ ನೀರಿಗೆ ಹೋಗುವುದಿಲ್ಲ. ಕ್ಯಾನನ್‌ನ ಹಳೆಯ ಮಿರರ್‌ಲೆಸ್ ಮಾದರಿ ಎಂ50ಕ್ಕೆ ಈ ಮಾತು ಅನ್ವಯಿಸದು. ಅದರ ಇಎಫ್-ಎಂ ಲೆನ್ಸ್‌ಗಳನ್ನು ಆರ್ ಸಾಲಿನ ಕ್ಯಾಮೆರಾಕ್ಕೆ ಹಾಕಲಾಗುವುದಿಲ್ಲ.

ಬ್ಯಾಟರಿಯ ಬಗ್ಗೆಯೂ ಒಂದು ಮಾತು. ನಿಕಾನ್ ಡಿ3500 ಒಂದು ಚಾರ್ಜ್‌ಗೆ 1550 ಚಿತ್ರ ಕೊಡುತ್ತದೆ ಎಂದು ಕಂಪನಿ ಹೇಳುತ್ತದೆ, ಕ್ಯಾನನ್ 1500ಡಿ ಸುಮಾರು 500. ಕೆಮ್ಮಣ್ಣುಗುಂಡಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಇದು ಸಣ್ಣ ವಿಷಯವಲ್ಲ. ಹಾಗೆಯೇ ಡಿ3400, ಡಿ3500, 1300ಡಿ, 1500ಡಿ ಈ ನಾಲ್ಕರಲ್ಲೂ ಹೊರಗಿನ ಮೈಕ್ ಸಿಕ್ಕಿಸುವ ಜಾಗವಿಲ್ಲ. ಮಾತು ದಾಖಲಿಸಬೇಕಾದವರು 200ಡಿ ಅಥವಾ ಡಿ5300, ಡಿ5600 ಹುಡುಕಬೇಕು.

ಹಣ ನಿಜವಾಗಿ ಕೆಲಸ ಮಾಡುವುದು ಲೆನ್ಸ್‌ನಲ್ಲಿ

ಕ್ಯಾಮೆರಾ ಜೊತೆ ಬರುವ 18-55 ಲೆನ್ಸ್ ಅನ್ನು ಹಲವರು ಹೀಗಳೆಯುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಗೋಡೆಗಳನ್ನು ಆಕಾಶದೊಂದಿಗೆ ಹಿಡಿಯಲು 18 ಮಿಲಿಮೀಟರ್ ಸಾಕು. ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ಒಂದು ರೆಂಬೆಯ ಹೂಗೊಂಚಲಿಗೆ ಹತ್ತಿರ ಹೋಗಲು 55 ಸಾಕು. ಹಗಲಿನಲ್ಲಿ, ಹೊರಾಂಗಣದಲ್ಲಿ ಅದು ಪ್ರಾಮಾಣಿಕ ಲೆನ್ಸ್. ಕೊಳ್ಳುವಾಗ ಕ್ಯಾನನ್ ಆದರೆ ಐಎಸ್, ನಿಕಾನ್ ಆದರೆ ವಿಆರ್ ಎಂದು ಲೆನ್ಸ್ ಮೇಲೆ ಬರೆದಿದೆಯೇ ನೋಡಿ. ಕೈ ನಡುಕವನ್ನು ಸರಿದೂಗಿಸುವ ಈ ಸೌಲಭ್ಯ ಇಲ್ಲದ ಅಗ್ಗದ 18-55ಗಳೂ ಇವೆ, ನೋಡಲು ಒಂದೇ ತರಹ ಇರುತ್ತವೆ.

ಆದರೆ ಬೇಲೂರಿನ ಒಳಗೆ ಕಾಲಿಟ್ಟ ಕೂಡಲೇ ಲೆಕ್ಕ ಬದಲಾಗುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಚನ್ನಕೇಶವನ ಗುಡಿಯ ನವರಂಗಕ್ಕೆ ಜಾಲಂದ್ರಗಳಿಂದ ಸೋಸಿ ಬರುವ ಬೆಳಕು ಬಹಳ ಕಡಿಮೆ. ಕಂಬಗಳ ಮೇಲಿನ ಮದನಿಕೆಯರು ಇರುವುದು ಇನ್ನೂ ಕತ್ತಲಲ್ಲಿ. ಅವರನ್ನು ಹತ್ತಿರ ಎಳೆಯಲು 18-55 ಅನ್ನು 55ಕ್ಕೆ ತಿರುಗಿಸಿದಾಗ ಲೆನ್ಸ್‌ನ ಬಾಯಿ ಎಫ್ 5.6ಕ್ಕೆ ಕಿರಿದಾಗುತ್ತದೆ (ಎಫ್ ಅಂಕಿ ಚಿಕ್ಕದಾದಷ್ಟೂ ಬಾಯಿ ಅಗಲ). ಅದೇ ಜಾಗದಲ್ಲಿ 50 ಮಿಲಿಮೀಟರ್ ಎಫ್ 1.8 ಲೆನ್ಸ್ ಹಾಕಿದರೆ ಒಳಗೆ ಬರುವ ಬೆಳಕು ಸುಮಾರು ಹತ್ತು ಪಟ್ಟು. ಮೊದಲು ಸೆಕೆಂಡಿನ ಆರನೇ ಒಂದು ಭಾಗ ಕೈ ಅಲುಗದೆ ನಿಲ್ಲಬೇಕಿದ್ದವರಿಗೆ ಈಗ ಅರವತ್ತನೇ ಒಂದು ಭಾಗ ಸಾಕು. ಮಸುಕಾದ ಚಿತ್ರ ಮತ್ತು ಮೂಗುತಿಯವರೆಗೆ ಸ್ಪಷ್ಟವಾದ ಚಿತ್ರ, ಇವೆರಡರ ನಡುವಿನ ಅಂತರ ಇಷ್ಟೇ. ಹೊಸ ಕ್ಯಾಮೆರಾಕ್ಕೆ ಇನ್ನೂ ಹತ್ತು ಸಾವಿರ ಸೇರಿಸಿದರೂ ಇಷ್ಟು ಲಾಭ ಸಿಗುವುದಿಲ್ಲ.

ಕ್ಯಾನನ್‌ನವರು 50 ಎಂಎಂ ಎಫ್ 1.8 ಎಸ್‌ಟಿಎಂ ತೆಗೆದುಕೊಳ್ಳಬಹುದು. ನಿಕಾನ್‌ನವರಿಗೆ 35 ಎಂಎಂ ಎಫ್ 1.8 ಡಿಎಕ್ಸ್ ಇನ್ನೂ ಅನುಕೂಲ, ಏಕೆಂದರೆ ಈ ಸೆನ್ಸರ್ ಮೇಲೆ 50 ಎನ್ನುವುದು ಕಿರಿದಾದ ನೋಟ. ಹಿಂದೆ ಸರಿಯಲು ಜಾಗವಿಲ್ಲದ ಕಡೆ ಅದು ಕಟ್ಟಿಹಾಕುತ್ತದೆ. ನಿಕಾನ್ ಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು: ಡಿ3000 ಮತ್ತು ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಗುವ ಹಳೆಯ 50 ಎಫ್ 1.8ಡಿ ಲೆನ್ಸ್ ಇವುಗಳಲ್ಲಿ ತಾನಾಗಿ ಫೋಕಸ್ ಹಿಡಿಯುವುದಿಲ್ಲ. ಎಎಫ್-ಎಸ್ ಎಂದು ಬರೆದಿರುವುದನ್ನೇ ಕೇಳಿ. ಎಎಫ್-ಪಿ ಎಂದಿರುವ ಲೆನ್ಸ್‌ಗಳು ಡಿ3200 ಮತ್ತು ಅದಕ್ಕಿಂತ ಹಳೆಯ ಆರಂಭಿಕ ಮಾದರಿಗಳಲ್ಲಿ ಕೆಲಸ ಮಾಡುವುದಿಲ್ಲ. ಕ್ಯಾನನ್‌ನಲ್ಲಿ ಈ ತಲೆನೋವು ಇಲ್ಲ, ಯಾವ ಇಎಫ್ ಲೆನ್ಸ್ ಆದರೂ ಯಾವ ಡಿಎಸ್‌ಎಲ್‌ಆರ್ ಮೇಲೂ ಫೋಕಸ್ ಹಿಡಿಯುತ್ತದೆ.

ಹಕ್ಕಿಯ ಆಸೆ ಇರುವವರಿಗೆ ಕ್ಯಾನನ್ 55-250 ಐಎಸ್ ಎಸ್‌ಟಿಎಂ ಅಥವಾ ನಿಕಾನ್ ಎಎಫ್-ಪಿ 70-300 ವಿಆರ್ ಆರಂಭಕ್ಕೆ ಒಳ್ಳೆಯವು. ಬೇಸಗೆಯಲ್ಲಿ ಭದ್ರಾ ಹಿನ್ನೀರು ಇಳಿದಾಗ ಲಕ್ಕವಳ್ಳಿಯ ನಡುಗಡ್ಡೆಗಳಲ್ಲಿ ರಿವರ್ ಟರ್ನ್‌ಗಳು ಗೂಡು ಮಾಡುತ್ತವೆ. ದೋಣಿಯಿಂದ ಅವುಗಳ ಹಾರಾಟವನ್ನು ಈ ಲೆನ್ಸ್‌ಗಳಿಂದಲೇ ಸೊಗಸಾಗಿ ಹಿಡಿಯಬಹುದು, ಶಟರ್ (ಬೆಳಕಿಗೆ ತೆರೆದು ಮುಚ್ಚುವ ಪರದೆ) ವೇಗ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ. ಎರಡು ಲೆನ್ಸ್‌ನ ಕಟ್ಟಿನಲ್ಲಿ ಹೆಚ್ಚಾಗಿ ಬರುವ ಕ್ಯಾನನ್ 75-300ರಲ್ಲಿ ಕೈ ನಡುಕದ ರಕ್ಷಣೆ ಇಲ್ಲ. 300 ಎಂಬ ಅಂಕಿಗೆ ಮರುಳಾಗಬೇಡಿ.

ಬಳಸಿದ ಕ್ಯಾಮೆರಾ ಎಲ್ಲಿಂದ, ಹೇಗೆ

ನಮ್ಮ ಊರುಗಳಲ್ಲಿ ಹಳೆಯ ಕ್ಯಾಮೆರಾ ಎರಡು ಕಡೆಯಿಂದ ಬರುತ್ತದೆ: ಮದುವೆ ಫೋಟೊ ತೆಗೆಯುವ ಸ್ಟುಡಿಯೊಗಳಿಂದ ಮತ್ತು ಆಸೆಯಿಂದ ಕೊಂಡು ಬಳಸದೆ ಇಟ್ಟವರ ಮನೆಗಳಿಂದ. ಎರಡಕ್ಕೂ ಅದರದೇ ಕಾಯಿಲೆ ಇರುತ್ತದೆ. ಸ್ಟುಡಿಯೊದ ಕ್ಯಾಮೆರಾ ಲಕ್ಷಗಟ್ಟಲೆ ಸಲ ಕ್ಲಿಕ್ ಆಗಿರಬಹುದು. ಆರಂಭಿಕರ ಮಾದರಿಗಳ ಶಟರ್ ಅನ್ನು ಸಾಮಾನ್ಯವಾಗಿ ಒಂದು ಲಕ್ಷ ಕ್ಲಿಕ್‌ನ ಆಸುಪಾಸಿಗೆ ಪರೀಕ್ಷಿಸಿರುತ್ತಾರೆ. ಮನೆಯ ಕ್ಯಾಮೆರಾ ಐದು ಸಾವಿರ ಕ್ಲಿಕ್ ಕೂಡ ಆಗಿರುವುದಿಲ್ಲ, ಮೈ ಮೇಲೆ ಒಂದು ಗೀರೂ ಇರುವುದಿಲ್ಲ. ಆದರೆ ಚರ್ಮದ ಚೀಲದೊಳಗೆ, ಬೀರುವಿನ ಮೂಲೆಯಲ್ಲಿ ಹಲವು ಮಳೆಗಾಲ ಕಳೆದು ಲೆನ್ಸ್ ಒಳಗೆ ಫಂಗಸ್ ಹಬ್ಬಿರುತ್ತದೆ. ಬಯಲುಸೀಮೆಯವರು ಶಟರ್ ಎಣಿಕೆಗೆ ಮೊದಲ ಸ್ಥಾನ ಕೊಡಲಿ. ಮಲೆನಾಡಿನವರು ಮೊದಲು ಲೆನ್ಸ್ ಒಳಗೆ ನೋಡಬೇಕು. ಸವೆದ ಶಟರ್ ಇನ್ನೂ ವರ್ಷಗಟ್ಟಲೆ ನಡೆದೀತು, ಬೂಷ್ಟು ಹಿಡಿದ ಲೆನ್ಸ್ ದಿನದಿನಕ್ಕೆ ಕೆಡುತ್ತಲೇ ಹೋಗುತ್ತದೆ.

ನೋಡಲು ಹೋಗುವಾಗ ನಿಮ್ಮದೇ ಒಂದು ಮೆಮೊರಿ ಕಾರ್ಡ್ ಮತ್ತು ಸಣ್ಣ ಟಾರ್ಚ್ ಜೊತೆಗಿರಲಿ. ಹಗಲಿನಲ್ಲೇ ಹೋಗಿ. ಲೆನ್ಸ್ ಬಿಚ್ಚಿಸಿ, ಹಿಂದಿನಿಂದ ಟಾರ್ಚ್ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಜೇಡರ ಬಲೆಯಂಥ ಎಳೆಗಳು, ಅಂಚಿನಲ್ಲಿ ಬಿಳಿ ಮೋಡ ಕಂಡರೆ ಎಷ್ಟೇ ಕಡಿಮೆ ಬೆಲೆಯಾದರೂ ಆ ಲೆನ್ಸ್ ಬೇಡ. ಲೆನ್ಸ್ ಕೂಡುವ ಲೋಹದ ಬಳೆ ಸಡಿಲವಾಗಿದೆಯೇ, ಕಾರ್ಡ್ ಹಾಕುವ ಜಾಗದ ಪಿನ್‌ಗಳು ಬಾಗಿವೆಯೇ ನೋಡಿ.

ಆಮೇಲೆ ಚಿತ್ರ ತೆಗೆಯಿರಿ. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯನ್ನೋ ಆಕಾಶವನ್ನೋ ತೆಗೆದು ಹಿಗ್ಗಿಸಿದರೆ ಸೆನ್ಸರ್ ಮೇಲಿನ ಕೊಳೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಅದನ್ನು ಸ್ವಚ್ಛ ಮಾಡಿಸಬಹುದು, ಬೆಲೆ ಇಳಿಸಲು ಮಾತ್ರ ಬಳಸಿಕೊಳ್ಳಿ. ಲೆನ್ಸ್ ಮುಚ್ಚಿ ಒಂದು ಸೆಕೆಂಡಿನ ಚಿತ್ರ ತೆಗೆದಾಗ ಬಣ್ಣದ ಚುಕ್ಕೆಗಳು ತುಂಬಿ ಬಂದರೆ ಅದು ಸೆನ್ಸರ್‌ನದೇ ದೋಷ. ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ರಲ್ಲಿ ಕೋಣೆಯೊಳಗಿನ ಕೆಲವು ಚಿತ್ರ ತೆಗೆದು ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿ, ಆಮೇಲೆ ಮಾತು ಕೊಡಿ. ನಿಕಾನ್ ಚಿತ್ರದ ಕಡತದಲ್ಲೇ ಶಟರ್ ಎಣಿಕೆ ಅಡಗಿರುತ್ತದೆ, ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಕ್ಯಾನನ್‌ನ ಆರಂಭಿಕ ಮಾದರಿಗಳು ಹಾಗೆ ಬರೆದಿಡುವುದಿಲ್ಲ. ಅಲ್ಲಿ ಗುಂಡಿಗಳ ಸವೆತ, ಹಿಡಿಯ ರಬ್ಬರ್ ಇವನ್ನೇ ನೋಡಿ ಅಂದಾಜಿಸಬೇಕು.

ಬಿಲ್ ಕೇಳಿ. ಕ್ಯಾಮೆರಾದ ಮೇಲಿನ ಸೀರಿಯಲ್ ಸಂಖ್ಯೆಯೂ ಬಿಲ್‌ನಲ್ಲಿರುವುದೂ ಹೊಂದದಿದ್ದರೆ ವ್ಯವಹಾರ ಅಲ್ಲಿಗೇ ನಿಲ್ಲಿಸಿ. ಬಿಲ್ ಇಲ್ಲದವರಿಂದ ಕೊಳ್ಳಲೇಬೇಕಾದರೆ ಅವರ ಹೆಸರು, ವಿಳಾಸ, ಸೀರಿಯಲ್ ಸಂಖ್ಯೆ ಬರೆದ ಸಹಿ ಮಾಡಿದ ಚೀಟಿಯಾದರೂ ಇರಲಿ. ಹೊಸದನ್ನೇ ಕೊಳ್ಳುವವರು ಜಿಎಸ್‌ಟಿ ಬಿಲ್ ಮತ್ತು ಭಾರತದ ವಾರಂಟಿ ಕಾರ್ಡ್ ಎರಡನ್ನೂ ಕೈಗೆ ಪಡೆದೇ ಹಣ ಕೊಡಿ.

ಹಣ ಹಂಚುವ ಲೆಕ್ಕ

ಕೈಯಲ್ಲಿ 30 ಸಾವಿರ ಇದೆ ಎಂದುಕೊಳ್ಳೋಣ. ಬಳಸಿದ ಕ್ಯಾಮೆರಾ ಮತ್ತು 18-55 ಲೆನ್ಸ್‌ಗೆ 20 ಸಾವಿರದ ಗೆರೆ ಎಳೆಯಿರಿ. ಅದಕ್ಕಿಂತ ಮೇಲೆ ಎಷ್ಟೇ ಆಸೆ ಹುಟ್ಟಿದರೂ ಹೋಗಬೇಡಿ. ಎರಡನೆಯ ಲೆನ್ಸ್‌ಗೆ 6ರಿಂದ 7 ಸಾವಿರ. ಉಳಿದದ್ದರಲ್ಲಿ 32 ಜಿಬಿಯ ಎರಡು ಕಾರ್ಡ್, ಒಂದು ಹೆಚ್ಚುವರಿ ಬ್ಯಾಟರಿ ಮತ್ತು ತೇವ ತಡೆಯುವ ಸಾಮಾನು. ಒಂದೇ ದೊಡ್ಡ ಕಾರ್ಡ್‌ಗಿಂತ ಎರಡು ಚಿಕ್ಕವು ಮೇಲು, ಒಂದು ಕೆಟ್ಟರೂ ಅರ್ಧ ಪ್ರವಾಸ ಉಳಿಯುತ್ತದೆ. ದುಬಾರಿ ಕ್ಯಾಮೆರಾ ಚೀಲ ಈಗ ಬೇಡ. ಹಳೆಯ ಹೆಗಲಚೀಲದೊಳಗೆ ದಪ್ಪ ಟವೆಲ್ ಹಾಸಿದರೆ ವರ್ಷ ಕಳೆಯಬಹುದು. ಲೆನ್ಸ್ ಮುಂದೆ ಹಾಕುವ ಯುವಿ ಫಿಲ್ಟರ್ ಅನ್ನು ಅಂಗಡಿಯವರು ಒತ್ತಾಯಿಸುತ್ತಾರೆ. ಅಗ್ಗದ ಗಾಜು ಒಳ್ಳೆಯ ಲೆನ್ಸ್‌ನ ಚಿತ್ರವನ್ನು ಮಸುಕು ಮಾಡುತ್ತದೆ, ಅದನ್ನೂ ಬಿಡಿ.

ಹಣ 15 ಸಾವಿರವೇ ಇದ್ದರೆ? ಹಳೆಯ ಡಿಎಸ್‌ಎಲ್‌ಆರ್‌ಗೆ 18-55 ಒಂದೇ ಲೆನ್ಸ್ ಇಟ್ಟುಕೊಂಡು ಹೊರಾಂಗಣದಲ್ಲಿ ಕೆಲಸ ಮಾಡಿ. ಹಳೇಬೀಡಿನ ಹೊರಗೋಡೆಯ ಆನೆಸಾಲು, ಕುದುರೆಸಾಲುಗಳಿಗೆ ಬೇಕಾದದ್ದು ಬೆಳಗಿನ ಓರೆ ಬಿಸಿಲು. ಅದಕ್ಕೆ ಯಾವ ಲೆನ್ಸ್ ಆದರೂ ನಡೆಯುತ್ತದೆ. 50 ಎಂಎಂ ಆಮೇಲೆ ಬರಲಿ, ತೇವದ ಡಬ್ಬಿ ಮಾತ್ರ ಮೊದಲ ದಿನವೇ ಬರಲಿ.

ಮಳೆಗಾಲಕ್ಕೆ ಮೊದಲೇ ಡಬ್ಬಿ

ನಿಕಾನ್‌ನ ಕೈಪಿಡಿಗಳು ಶೇ 60ಕ್ಕಿಂತ ಹೆಚ್ಚು ತೇವ ಇರುವ ಕಡೆ ಕ್ಯಾಮೆರಾ ಇಡಬೇಡಿ ಎನ್ನುತ್ತವೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೆರೆಯೊಳಗೆ ಇರುವುದು ಕಷ್ಟ. ವಿದ್ಯುತ್ ಡ್ರೈ ಕ್ಯಾಬಿನೆಟ್ ಕೊಳ್ಳಲು ಈಗ ಹಣವಿಲ್ಲ, ಬೇಕಾಗಿಯೂ ಇಲ್ಲ. ಪಾತ್ರೆ ಅಂಗಡಿಯಲ್ಲಿ ಸಿಗುವ, ರಬ್ಬರ್ ಅಂಚಿನ ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಒಂದು, ಸಿಲಿಕಾ ಜೆಲ್ ಕಾಲು ಕಿಲೋ, ತೇವ ತೋರಿಸುವ ಪುಟ್ಟ ಮೀಟರ್ ಒಂದು. ಇಷ್ಟೇ. ಮೀಟರ್ ಶೇ 40ರಿಂದ 50ರ ನಡುವೆ ನಿಂತರೆ ನೆಮ್ಮದಿ. ಜೆಲ್ ಬಣ್ಣ ಬದಲಿಸಿದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ನೀಲಿ ಜೆಲ್‌ನಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ. ಯಾವ ಬಣ್ಣದ್ದಾದರೂ ಅಡುಗೆಯ ಬಾಣಲೆ ಬೇಡ, ಅದಕ್ಕೆಂದೇ ಒಂದು ಹಳೆಯ ಪಾತ್ರೆ ಎತ್ತಿಡಿ.

ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಸಲಹೆ ಕೇಳಿಬರುತ್ತದೆ. ಅಕ್ಕಿಯ ಹಿಟ್ಟು ಲೆನ್ಸ್ ಉಂಗುರದೊಳಗೆ ಸೇರುತ್ತದೆ, ಮಾಡಬೇಡಿ. ಸೀರೆಗಳ ಜೊತೆ ಬೀರುವಿನಲ್ಲಿಟ್ಟರೆ ಪಕ್ಕದಲ್ಲೇ ನುಸಿಗುಳಿಗೆ, ಕರ್ಪೂರ ಇರುತ್ತವೆ. ಅವುಗಳ ಆವಿಯಿಂದ ದೂರವಿಡಿ ಎಂದೂ ಕೈಪಿಡಿ ಹೇಳುತ್ತದೆ. ಕ್ಯಾಮೆರಾ ಜೊತೆ ಬಂದ ಚರ್ಮದ ಚೀಲ ತೇವ ಹೀರಿಕೊಂಡು ಬೂಷ್ಟಿಗೆ ಅನ್ನವಾಗುತ್ತದೆ, ಡಬ್ಬಿಯೊಳಗೆ ಅದಕ್ಕೆ ಜಾಗ ಕೊಡಬೇಡಿ. ಎಲ್ಲಕ್ಕಿಂತ ಒಳ್ಳೆಯ ಮದ್ದು ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬಳಸುವುದು.

ಆರಂಭಿಕರ ಕ್ಯಾಮೆರಾಗಳಿಗೆ ಮಳೆಯ ರಕ್ಷಣೆ ಇಲ್ಲ. ಬಾಬಾಬುಡನ್‌ಗಿರಿಯ ಮಂಜಿನಲ್ಲಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸ್‌ನಷ್ಟು ತೂತು ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಕೆಲಸ ಸಾಗುತ್ತದೆ. ಚಳಿಯಿಂದ ಒಲೆ ಉರಿಯುವ ಬೆಚ್ಚನೆಯ ಮನೆಗೆ ಬಂದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ. ತಣ್ಣನೆಯ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆರೆಯಿರಿ.

ಕೊಂಡ ಮೊದಲ ವಾರ

ಹಿಂದಿರುಗಿಸುವ ಅವಧಿ ಇರುವಾಗಲೇ ಕ್ಯಾಮೆರಾವನ್ನು ಚೆನ್ನಾಗಿ ದುಡಿಸಿ. ಆಟೊ ಬಿಟ್ಟು, ಲೆನ್ಸ್‌ನ ಬಾಯಿಯನ್ನು ನೀವೇ ನಿರ್ಧರಿಸುವ ವಿಧಾನಕ್ಕೆ ಇಡಿ: ಕ್ಯಾನನ್‌ನಲ್ಲಿ ಎವಿ, ನಿಕಾನ್‌ನಲ್ಲಿ ಎ. ಚಿತ್ರ ರಾ (ಕ್ಯಾಮೆರಾ ಹಿಡಿದ ಮೂಲ ಕಡತ) ಮತ್ತು ಜೆಪೆಗ್ ಎರಡರಲ್ಲೂ ಉಳಿಯಲಿ. ಬೇಲೂರು, ಹಳೇಬೀಡಿಗೆ ಹೋಗುವವರು ಟ್ರೈಪಾಡ್ ಹೊತ್ತೊಯ್ಯಬೇಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಪಡೆದಿರಬೇಕು. ಐಎಸ್ಒ 3200ಕ್ಕೆ ಏರಿಸಿ, 50 ಎಂಎಂ ಹಾಕಿ ಎಫ್ 2ಕ್ಕೆ ಇಟ್ಟು, ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಟ್ಟ ಮೇಲೆ ಮೂರು ನಾಲ್ಕು ಚಿತ್ರ ಒಟ್ಟಿಗೆ ತೆಗೆಯಿರಿ, ಅವುಗಳಲ್ಲಿ ಒಂದಾದರೂ ಸ್ಪಷ್ಟವಾಗಿರುತ್ತದೆ. ಎಲ್ಲವೂ ಒಂದೇ ಬದಿಗೆ ಮಸುಕಾಗಿ ಬಂದರೆ, ಅಥವಾ ಫೋಕಸ್ ಪ್ರತಿ ಸಲವೂ ನೀವು ಗುರಿಯಿಟ್ಟ ಜಾಗದ ಹಿಂದೆ ಬಿದ್ದರೆ, ಆ ಚಿತ್ರಗಳನ್ನೇ ಕಾರ್ಡ್‌ನಲ್ಲಿ ಇಟ್ಟುಕೊಂಡು ಮಾರಿದವರ ಬಳಿ ಮರುದಿನವೇ ಹೋಗಿ.